ಗೋಪಮ್ಮ ಕೇಳಿದ ಮರಿ

ಬಾಗಲವಾಡದ ಗೋಪಮ್ಮನಿಗೆ ಹನುಮೇಶ ಸಾಹೇಬನೆಂದರೆ ಅಷ್ಟಕ್ಕಷ್ಟೆ. ಶಕ್ತಿನಗರದಲ್ಲಿ ಮೂವತ್ತು ವರ್ಷ ನೌಕರಿ ಮಾಡಿ ರಿಟೈರ್ ಆದ ಈ ಪುಣ್ಯಾತ್ಮ, ಊರ ಹೊರಗೆ ದೊಡ್ಡದೊಂದು ಸಿಮೆಂಟ್ ಟ್ಯಾಂಕ್ ಕಟ್ಟಿಸಿ ಕೊರಮೀನು ಬಿಟ್ಟಿದ್ದ. ಮೀನಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಹುರಿದ ತುಂಡಿನ ರುಚಿಯಷ್ಟೇ. ಟ್ಯಾಂಕಿನ ಒಳಗೆಲ್ಲ ನೀಲಿ ಬಣ್ಣ ಬಳಿಸಿದ್ದ, ಫೋಟೋದಲ್ಲಿ ಚೆಂದ ಕಾಣಲಿ ಅಂತ. ಥೂ!

ಗೋಪಮ್ಮ ಅಲ್ಲಿ ಮೀನಿಗೆ ಮೇವು ಹಾಕುವವಳು. ಅವಳಪ್ಪ ಮೌನಪ್ಪ ತುಂಗಭದ್ರೆಯ ದಂಡೆಯಲ್ಲಿ ಜೊಂಡಿನ ಬೇರಿಗೆ ಕೈಹಾಕಿ ಕೊರಮೀನು ಹಿಡಿಯುತ್ತಿದ್ದವನು. ಅದು ಅಡಗಿ ಬದುಕುವ ಜೀವ ಎಂದು ಅವಳಿಗೆ ಗೊತ್ತಾಗಿದ್ದು ಏಳನೇ ವಯಸ್ಸಿಗೇ. ಬೋಳು ಟ್ಯಾಂಕಿನಲ್ಲಿ ಅಡಗುವುದಾದರೂ ಎಲ್ಲಿ? ಹೆಜ್ಜೆ ಸಪ್ಪಳಕ್ಕೇ ಬೆದರಿ ಹಾರಿ ಗೋಡೆಗೆ ಮೂತಿ ಜಜ್ಜಿಕೊಳ್ಳುತ್ತಿದ್ದವು. ಒಂದರ ಬಾಲ ಇನ್ನೊಂದರ ಬಾಯಲ್ಲಿ. ನೋಡಿ ನೋಡಿ ಅವಳಿಗೆ ಅನ್ನ ಸೇರದಾಯಿತು.

ಯಾರನ್ನೂ ಕೇಳದೆ ಒಡೆದ ಗಡಿಗೆ, ಹಳೇ ಹೆಂಚು, ಜೊಂಡಿನ ಕಂತೆ ತಂದು ನೀರಿಗೆ ಇಳಿಸಿದಳು. ಎಂಟೇ ದಿನ! ಗಡಿಗೆಗೊಂದರಂತೆ ಮೀನು ತಣ್ಣಗೆ ಕೂತವು, ಕರೆದರೆ ಮೇವಿಗೆ ಬಂದವು, ಗಾಯ ಮಾಯತೊಡಗಿದವು.

ಸಾಹೇಬ ಬಂದು ನೋಡಿ ಉರಿದುಬಿದ್ದ. “ಇದೇನ್ ಟ್ಯಾಂಕೋ ತಿಪ್ಪಿಯೋ? ತೆಗಿ ಎಲ್ಲಾ!”

“ಅವಕ್ಕ ಅಂಜಿಕಿ ಆಗ್ತದ್ರಿ ಸಾಹೇಬ್ರ.”

“ಮೀನಿಗೆ ಅಂಜಿಕಿ! ನಾಳೆ ತಾಯತ ಕಟ್ತೀಯೇನು?”

ತೆಗೆಸಿಯೇ ಬಿಟ್ಟ. ಮತ್ತೆ ಕಚ್ಚಾಟ ಶುರುವಾಯಿತು. ಮಾನ್ವಿಯ ವಲಿ ಪಾಷಾ ಜೀವಂತ ಮೀನು ಒಯ್ಯಲು ಶುಕ್ರವಾರ ಬರುವವನಿದ್ದ, ಗಾಯದ ಮೀನನ್ನು ಅವನು ಮುಟ್ಟುವುದಿಲ್ಲ. ವ್ಯಾಪಾರ ಏನಾದರೂ ಆಗಲಿ, ಆ ಬಾಲಗಳು ಉಳಿಯಬೇಕು ಅನ್ನುವುದಷ್ಟೇ ಗೋಪಮ್ಮನ ಹಟ. ಬುಧವಾರ ಫೋನ್ ಹಚ್ಚಿದಳು.

“ಸಾಹೇಬ್ರ, ಮರಿ ಬೇಕ್ರಿ. ಮರಿ ಇಲ್ದ ಕಡದಾಡಾಕತ್ತಾವ.”

“ಅಷ್ಟ ಹೌದಿಲ್ಲೋ? ಕಳಸ್ತೀನಿ ಬಿಡು.”

ಅಬ್ಬಾ, ಕಡೆಗೂ ಬುದ್ಧಿ ಬಂತಲ್ಲ ಅಂದುಕೊಂಡಳು. ಮರುದಿನ ಅವಳು ಮೇವಿನ ಚೀಲ ತರಲು ಹೋದಾಗ ಆಟೋದವನು ಬಂದು, ಪ್ಲಾಸ್ಟಿಕ್ ಚೀಲ ಬಿಚ್ಚಿ ಎರಡು ಸಾವಿರ ಮೀನಿನ ಮರಿಗಳನ್ನು ಟ್ಯಾಂಕಿಗೆ ಸುರಿದು ಹೋಗಿದ್ದ!

ಈ ಸೀಮೆಯ ಬಾಯಲ್ಲಿ ಮರೆಯೂ ಮರಿಯೇ. ಅಡಗುವ ಜಾಗವೂ ಮರಿ, ಮೀನಿನ ಕೂಸೂ ಮರಿ. ಸಾಹೇಬನೇನು ಪರದೇಶಿಯೇ? ಗುಂಜಹಳ್ಳಿಯಲ್ಲೇ ಹುಟ್ಟಿದವನು. ಚಿಕ್ಕವನಿದ್ದಾಗ ಬಾಗಿಲ ಮರಿಗೆ ನಿಂತು ಅವ್ವನಿಂದ ಬೈಸಿಕೊಂಡವನೇ. ಆದರೆ ಆ ದುರಾಸೆಯ ಕಿವಿಗೆ ಹೆಚ್ಚಾಗುವುದೊಂದೇ ಕೇಳಿಸುತ್ತಿತ್ತು. ಸಂಜೆಯೊಳಗೆ ಮರಿಗಳೆಲ್ಲ ದೊಡ್ಡವುಗಳ ಹೊಟ್ಟೆ ಸೇರಿದವು. ಅವುಗಳಿಗಾಗಿ ನುಗ್ಗಾಡಿ ದೊಡ್ಡವೂ ಒಂದನ್ನೊಂದು ಹರಿದುಕೊಂಡವು. ಗೋಪಮ್ಮ ಟ್ಯಾಂಕಿನ ಕಟ್ಟೆಗೆ ಕೂತು ಅತ್ತಳು, ಅಳುತ್ತಲೇ ಬೈದಳು.

ಶುಕ್ರವಾರ ವಲಿ ಪಾಷಾ ಬಲೆ ಎತ್ತಿ ನೋಡಿದವನೇ ಮುಖ ಕಿವುಚಿದ. “ತೋಬಾ ತೋಬಾ! ಒಂದಕ್ಕೂ ನೆಟ್ಟಗ ಬಾಲ ಇಲ್ಲ. ಸಾಹೇಬ್ರೆಲ್ಲಿ? ಕರಿ, ಎದುರಿಗೇ ಕೇಳ್ತೀನಿ.”

ಈಗಷ್ಟೇ ಇಸ್ತ್ರಿ ಅಂಗಿ ತೊಟ್ಟು ಮೀಸೆ ತಿರುವುತ್ತಿದ್ದ ಸಾಹೇಬ ಮೋಟಾರ್ ರೂಮಿನೊಳಗೆ ಸೇರಿ ಬಾಗಿಲು ಎಳೆದುಕೊಂಡಿದ್ದ.

ಗೋಪಮ್ಮ ಬಾಗಿಲ ಸಂದಿಗೆ ಬಾಯಿಟ್ಟಳು. “ಯಾಕ್ರೀ ಸಾಹೇಬ್ರ, ಮರಿ ಬೇಕಾತೇನ್ರಿ?”

ವಲಿ ಪಾಷಾ ಹೊಟ್ಟೆ ಹಿಡಿದು ನಕ್ಕ. ಒಳಗಿನಿಂದ ಸಣ್ಣ ದನಿಯೊಂದು ಬಂತು: “ಆ ಗಡಿಗಿ ಹಾಕು ಹೋಗು.”

“ಎಲ್ಲಾ ಹಾಕ್ಲ್ಯಾ,” ಎಂದಳು ಗೋಪಮ್ಮ, “ನಿಮಗೊಂದು ಉಳಸ್ಲ್ಯಾ?”