ಇಸ್ತ್ರಿಯಕ್ಕನ ಎಂಟು ಕುಂಡಗಳು

ಬೀದಿಗೆಲ್ಲ ಅವಳು ಇಸ್ತ್ರಿಯಕ್ಕ. ಮನೆಯ ಮುಂಕೋಣೆಯಲ್ಲಿ ಮೂವತ್ತು ವರ್ಷದಿಂದ ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದರೂ ಒಂದು ಕರವಸ್ತ್ರವನ್ನೂ ಸುಟ್ಟವಳಲ್ಲ. ಬಟ್ಟೆ ಸೀಯುವ ಮೊದಲೇ ಅವಳ ಮೂಗಿಗೆ ಸುದ್ದಿ ಮುಟ್ಟುತ್ತಿತ್ತು. ಅದೆಂಥ ಮೂಗು ಅಂತೀರಿ! ಗಂಡ ಗೇಟಿನಾಚೆ ಕದ್ದು ಸೇದಿದ ಸಿಗರೇಟಿಗೆ ಒಳಗಿಂದಲೇ ಮಂಗಳಾರತಿಯಾಗುತ್ತಿತ್ತು.

ಹಿತ್ತಲಿನಲ್ಲಿ ಎಂಟು ಕುಂಡ ಲ್ಯಾವೆಂಡರ್. ಮಣ್ಣಿಗೆ ಅರ್ಧಕ್ಕರ್ಧ ಮರಳು, ದಿನವಿಡೀ ಬಿಸಿಲು, ಬೆರಳು ಚುಚ್ಚಿ ನೋಡಿ ಒಣಗಿದ್ದರಷ್ಟೇ ನೀರು. ಗೊಬ್ಬರ ಮಾತ್ರ ಕೂಡದು. ಹಾಕಿದರೆ ಗಿಡ ಸೊಕ್ಕುತ್ತದೆ, ಪರಿಮಳ ಸೊರಗುತ್ತದೆ. ಒಣಗಿಸಿದ ಹೂವನ್ನು ಪುಟ್ಟ ಚೀಲಗಳಲ್ಲಿ ಕಟ್ಟಿ, ಮಡಿಸಿದ ಬಟ್ಟೆಗಳ ನಡುವೆ ಇಡುತ್ತಿದ್ದಳು. ಗಿರಾಕಿಗಳು ಅದಕ್ಕೇ ಹುಡುಕಿಕೊಂಡು ಬರುತ್ತಿದ್ದರು.

ಒಮ್ಮೆ ಜ್ವರ ಬಂದು ವಾರಗಟ್ಟಲೆ ಮಲಗಿದಳು. ಎದ್ದ ಬೆಳಿಗ್ಗೆ ಎಲೆ ಹಿಸುಕಿ ಮೂಸಿದರೆ ಏನೂ ಇಲ್ಲ. ಎಂಟೂ ಕುಂಡದ್ದು ಅದೇ ಕಥೆ.

"ರೀ, ನಾನು ಮಲಗಿದ್ದಾಗ ಗೊಬ್ಬರ ಸುರಿದ್ರಾ?"

"ನಿನ್ನ ಗಿಡದ ತಂಟೆಗೆ ನಾನ್ಯಾಕೆ ಹೋಗ್ಲಿ ತಾಯಿ?"

"ಮತ್ತೆ ವಾಸನೆ ಎಲ್ಹೋಯ್ತು?"

"ಇಲ್ಲೇ ಘಮ್ಮಂತಿದೆಯಲ್ಲೇ! ಡಾಕ್ಟರಿಗೆ ಮೂಗು ತೋರಿಸು."

ಅವಳು ಕೆಂಡಾಮಂಡಲವಾದಳು. ಮೂಗು ಹೋದರೆ ಕಸುಬೇ ಹೋದಂತೆ, ಅದೇ ಅವಳ ಭಯ. ತಪ್ಪು ಗಿಡದ್ದೇ ಆಗಿರಲಿ ಎಂದು ಹಟ ಹಿಡಿದು, ಕುಂಡಗಳನ್ನೆಲ್ಲ ಬಗ್ಗಿಸಿ, ಬೇರು ಕೊಡವಿ, ಹೊಸ ಮರಳಿಗೆ ನೆಟ್ಟಳು. ನಾಲ್ಕೇ ದಿನಕ್ಕೆ ಗಿಡಗಳು ಗೋಣು ಚೆಲ್ಲಿದವು. ಆ ವಾರವೇ ಒಂದು ಬಿಳಿ ಅಂಗಿಯ ಬೆನ್ನು ಸುಟ್ಟಿತು. ಹೊಗೆ ಕಣ್ಣಿಗೆ ಬಿದ್ದ ಮೇಲಷ್ಟೇ ಅವಳಿಗೆ ಗೊತ್ತಾದದ್ದು. ಅಂಗಿಯನ್ನು ಹಾಸಿಗೆಯಡಿ ತುರುಕಿದಳು, ಗಂಡನಿಗೆ ಹೇಳಲಿಲ್ಲ.

ಮರುದಿನ ಅವನು ಪೇಟೆಗೆ ಹೋಗಿದ್ದ. ಇವಳು ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದವಳು ಬಾಡಿದ ಗಿಡಗಳ ಮುಂದೆ ಕೂತೇಬಿಟ್ಟಳು. ಒಳಗೆ ಹಾಲು ಉಕ್ಕಿ ಉರಿ ಆರಿತು, ಗ್ಯಾಸ್ ಮಾತ್ರ ಬುಸುಗುಡುತ್ತಲೇ ಇತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಹಾಲಿನ ನೆನಪೇ ಇಲ್ಲದೆ ಅವಳು ನೇರ ಮುಂಕೋಣೆಗೆ ಬಂದು, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

ಹೊರಗಿಂದ ಗಂಡನ ಕೂಗು ಬಂತು. "ಏನೇ! ಗ್ಯಾಸ್ ವಾಸನೆ ಬಾಗಿಲ ತನಕ ಬರ್ತಿದೆ! ಸ್ವಿಚ್ ಮುಟ್ಬೇಡ!"

ಅವಳು ಬೆರಳನ್ನು ಮೆಲ್ಲಗೆ ಹಿಂದೆಗೆದು, ಒಮ್ಮೆ ಜೋರಾಗಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು.

ಬಾಗಿಲು ದಬ್ಬಿ ಬಂದ ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರೀ, ನಂಗೇನೂ ಗೊತ್ತಾಗ್ತಿಲ್ಲ ರೀ," ಅಂದಳು.