ಒಂದೇ ಕೈಯ ಎರಡು ಅರ್ಜಿ

ಹೊಸಪೇಟೆ ತಾಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ನಾನು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಆಗ ನಮ್ಮನ್ನು ಆಳುತ್ತಿದ್ದ ಮದ್ರಾಸ್ ಸರಕಾರಕ್ಕೆ ಎಲ್ಲವೂ ಕಾಗದದ ಮೇಲೇ ಬೇಕು, ಬರೆಯಬಲ್ಲವರು ಕಡಿಮೆ. ನನಗೆ ಕೆಲಸದ ಕೊರತೆ ಇರಲಿಲ್ಲ.

ಒಂದು ದಿನ ಕಂಪ್ಲಿಯಿಂದ ನಾಲ್ಕು ಹೆಂಗಸರು ಬಂದರು. ಅವರು ಬಟ್ಟೆ ಒಗೆಯುವ ಕಾಲುವೆ ಮೆಟ್ಟಿಲಿನ ಎದುರಿಗೇ ಸೇಂದಿ ಅಂಗಡಿಯಂತೆ. ಕುಡಿದವರು ಅಲ್ಲೇ ಕೂತು ನೋಡುತ್ತಾರೆ, ಏನೇನೋ ಅನ್ನುತ್ತಾರೆ. ಆ ಅಂಗಡಿಗೆ ಮುಂದೆ ಲೈಸೆನ್ಸು ಕೊಡಬಾರದೆಂದು ಬರೆಯಿರಿ ಎಂದರು. ನನಗೂ ತಂಗಿಯರಿದ್ದರು. ಮನಸ್ಸಿಟ್ಟು ಬರೆದೆ.

ಹದಿನೈದು ದಿನ ಕಳೆದಿರಬೇಕು, ಕಂಪ್ಲಿಯಿಂದಲೇ ಇನ್ನೊಬ್ಬಾಕೆ ಬಂದಳು. ಸೇಂದಿ ಮಾರುತ್ತಿದ್ದ ಗಂಡ ಈಚಲ ಮರದಿಂದ ಬಿದ್ದು ತೀರಿಹೋಗಿದ್ದ. ಅವನ ಲೈಸೆನ್ಸು ಈಗ ಅವಳ ಹೆಸರಿಗೆ ಆಗಬೇಕಿತ್ತು.

"ಅಂಗಡಿ ಎಲ್ಲೈತಮ್ಮ?" ಎಂದೆ.

"ಕಾಲುವೆ ಮೆಟ್ಲ ಎದುರಿಗೇ ಐತ್ರಿ."

ನನ್ನ ಕೈ ನಿಂತಿತು. ಹಿಂದಿನ ಅರ್ಜಿಯ ಮಾತು ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಅವಳ ಮುಖ ನೋಡಿ ಇದನ್ನೂ ಅಷ್ಟೇ ಮನಸ್ಸಿಟ್ಟು ಬರೆದೆ. ಆ ವಾರವೆಲ್ಲ ಅನ್ನ ಸರಿಯಾಗಿ ಸೇರಲಿಲ್ಲ.

ಮುಂದಿನ ವಾರ ಅಬಕಾರಿ ಇನ್‌ಸ್ಪೆಕ್ಟರು ಜಾಗ ನೋಡಲು ಕಂಪ್ಲಿಗೆ ಹೊರಟವರು ನನ್ನನ್ನೂ ಬಂಡಿ ಹತ್ತಿಸಿಕೊಂಡರು. ಕಾಲುವೆಯ ಹತ್ತಿರ ಆ ನಾಲ್ವರೂ ಇದ್ದರು, ಅಂಗಡಿಯಾಕೆಯೂ ಇದ್ದಳು. ಸಾಹೇಬರು ಎರಡು ಅರ್ಜಿಗಳನ್ನೂ ನನ್ನ ಮುಂದೆ ಹಿಡಿದರು.

"ಬ್ಯಾಡ ಅನ್ನೋದೂ ನಿಮ್ಮ ಅಕ್ಷರ, ಕೊಡ್ರಿ ಅನ್ನೋದೂ ನಿಮ್ಮ ಅಕ್ಷರ. ನಾನು ಯಾವುದನ್ನ ನಂಬ್ಲಿ?"

ನಾಚಿಕೆಯಿಂದ ತಲೆ ತಗ್ಗಿಸಿದೆ. "ಎರಡೂ ಖರೇನ ಅದಾವ್ರಿ" ಎಂದೆ.

ನಾಲ್ವರು ನನ್ನನ್ನು ದುರುಗುಟ್ಟಿ ನೋಡಿದರು. ಅಂಗಡಿಯಾಕೆ ಮಾತ್ರ ಸಿಟ್ಟಾಗಲಿಲ್ಲ.

"ಮೊದ್ಲ ಹೇಳಬಾರದೇನ್ರಿ ಅಣ್ಣಾ? ನಾನೂ ಇದೇ ಮೆಟ್ಲಿಗೆ ಅರಿವಿ ಒಗ್ಯಾಕ ಬರಾಕಿ. ಅಂಗಡಿ ಇಲ್ಲಿ ಬ್ಯಾಡಂತ ನನ್ನ ಗಂಡಗ ಎಷ್ಟೋ ಸಲ ಹೇಳೀನಿ, ಕೇಳಲಿಲ್ಲ. ಈಚಲ ಬನದ ಕಡೆ ಒಯ್ತೀನ್ರಿ."

ಹೆಂಗಸರಲ್ಲಿ ಹಿರಿಯಳು ಅವಳ ಹತ್ತಿರ ಬಂದು ನಿಂತಳು. "ಹಂಗಾದ್ರ ನಮ್ಮದೇನು ತಕರಾರಿಲ್ಲವ್ವ. ನೀನೂ ಬದುಕಬೇಕಲ್ಲ."

ಸಾಹೇಬರು ಬಂಡಿಯ ಹಲಗೆ ತೋರಿಸಿ, "ಕುಂದ್ರಿ, ಮೂರನೇದು ಬರೀರಿ" ಎಂದರು. ಬರೆದೆ. ಐದೂ ಜನ ಒಂದೇ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿದರು. ಬೆರಳಿನ ಮಸಿಯನ್ನು ಅದೇ ಮೆಟ್ಟಿಲಲ್ಲಿ ಕೂಡಿಯೇ ತೊಳೆದುಕೊಂಡರು. ಹಿರಿಯಳು ನನಗೂ ಸಾಹೇಬರಿಗೂ ಮಜ್ಜಿಗೆ ತಂದುಕೊಟ್ಟಳು. ಬಿಸಿಲಲ್ಲಿ ಎರಡು ಚೊಂಬು ಕುಡಿದೆ.

ತಿಂಗಳೊಪ್ಪತ್ತಿನಲ್ಲಿ ಲೈಸೆನ್ಸು ಬಂತು. ಕಚೇರಿಯಿಂದ ಇಳಿದವಳೇ ಅಂಗಡಿಯಾಕೆ ಕಾಗದವನ್ನು ನನ್ನ ಮುಂದೆ ಹರವಿ, "ನನ್ನ ಹೆಸರು ಎಲ್ಲೈತಿ ತೋರಿಸ್ರಿ" ಎಂದಳು. ತೋರಿಸಿದೆ. ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಓದ್ರಿ."

ಓದಿದೆ.

"ಇನ್ನೊಮ್ಮೆ ಓದ್ರಿ ಅಣ್ಣಾ, ಜೋರಾಗಿ."

ಕಚೇರಿಯ ಮುಂದಿದ್ದವರೆಲ್ಲ ತಿರುಗಿ ನೋಡುವಂತೆ ಓದಿದೆ.