ಸಿನಿಮಾ ಹಾಡಿನ ಕೆಳಗಿದ್ದ ದನಿ

ಅದು ೧೯೯೮ರ ಬೇಸಿಗೆ. ಸೊಲ್ಲಾಪುರದ ನವಿ ಪೇಠೆಯಲ್ಲಿ ನನ್ನದೊಂದು ವಿಡಿಯೋ ಅಂಗಡಿಯಿತ್ತು. ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸುವ ಕೆಲಸವನ್ನು ಆಗತಾನೇ ಹಿಡಿದಿದ್ದೆ. ಕ್ಯಾಸೆಟ್ಟನ್ನು ಡೆಕ್ಕಿನಲ್ಲಿ ಓಡಿಸಬೇಕು, ಕ್ಯಾಪ್ಚರ್ ಕಾರ್ಡ್ ಅದನ್ನು ಕಂಪ್ಯೂಟರಿಗೆ ಎಳೆದುಕೊಳ್ಳಬೇಕು, ಆಮೇಲೆ ಕಂಪ್ಯೂಟರ್ ಅದನ್ನು ಹಿಂಡಿ ಸಣ್ಣ ಫೈಲು ಮಾಡಬೇಕು. ಒಂದು ಮದುವೆಗೆ ಅರ್ಧ ದಿನ ಹಿಡಿಯುತ್ತಿತ್ತು. ಮಧ್ಯಾಹ್ನದ ಉರಿಗೆ ಕಿಟಕಿಯ ಪರದೆ ಎಳೆದು, ಹಿಂದಿನ ಓಣಿಯ ಚಾದರದ ಮಗ್ಗಗಳ ಖಟಖಟ ಕೇಳುತ್ತ ಕೂತರೆ, ಮಾನಿಟರಿನ ಮೇಲೆ ಯಾರ ತಲೆಗೋ ಅಕ್ಷತೆ ತಡೆತಡೆದು ಬೀಳುತ್ತಿತ್ತು. ನಾನು ಎಚ್ಚರವಿದ್ದೇನೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕೆಲಸದಲ್ಲಿ ನನಗೆ ಹಿಡಿಸಿದ್ದೇ ಅದು.

ಅಂಥದೊಂದು ಮಧ್ಯಾಹ್ನ ಕರಜಗಿಯಿಂದ ಗಂಡ ಹೆಂಡತಿ ಬಂದರು. ಹೆಂಡತಿ ಶಾಂತಾಬಾಯಿ. ರಸೀದಿಗೆ ಯಜಮಾನರ ಹೆಸರು ಕೇಳಿದಾಗ ಆಕೆ ನಕ್ಕು ಗಂಡನ ಕಡೆ ನೋಡಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಆ ಕಡೆ ಇಲ್ಲ. ಗಂಡ ತಾವೇ ಮೇಜಿನ ಧೂಳಿನ ಮೇಲೆ ಬೆರಳಿನಿಂದ ‘ಮಲ್ಲಿನಾಥ’ ಎಂದು ಬರೆದು ತೋರಿಸಿದರು.

ಮಲ್ಲಿನಾಥರು ಅಕ್ಕಲಕೋಟೆಯ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ, ಕಡಲೆಯ ಲಿಲಾವು ಕೂಗುತ್ತಿದ್ದವರು. ಲಿಲಾವೆಂದರೆ ಹರಾಜು. ‘ಏಕ್ ವಾರ್, ದೋನ್ ವಾರ್’ ಎಂದು ಅವರು ತಡೆದು ನಿಂತರೆ ಯಾರ್ಡೆಲ್ಲ ಗಪ್ಪಾಗುತ್ತಿತ್ತಂತೆ. ‘ತೀನ್ ವಾರ್’ ಎಂದು ಹಲಗೆ ಕುಟ್ಟಿದರೆ ವ್ಯವಹಾರ ಮುಗಿಯಿತು. ಈಗ ಅವರ ಕೊರಳಿಗೆ ಬಿಳಿಯ ಬಟ್ಟೆ ಸುತ್ತಿತ್ತು. ಗಡ್ಡೆಯ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು.

ಶಾಂತಾಬಾಯಿ ಚೀಲದಿಂದ ಒಂದು ಕ್ಯಾಸೆಟ್ಟನ್ನೂ, ಅಂಗೈಯಲ್ಲಿ ಹಿಡಿದು ನೋಡುವಂಥ ಪುಟ್ಟ ವಿ.ಸಿ.ಡಿ. ಪ್ಲೇಯರನ್ನೂ ತೆಗೆದರು. ಪ್ಲೇಯರನ್ನು ಅವರ ತಮ್ಮ ಮುಂಬಯಿಯಿಂದ ತಂದುಕೊಟ್ಟಿದ್ದ.

“ಅಣ್ಣಾರ, ನಮ್ಮೂರಾಗ ಲೈಟಿಂದು ಭರವಸಾ ಇಲ್ಲ. ಇದು ಸೆಲ್ ಮ್ಯಾಲ ನಡೀತೈತಿ. ಮಗಳ ಲಗ್ನದ ಕ್ಯಾಸೆಟ್ ಇದಕ್ಕ ಬರೋಹಂಗ ಮಾಡಿ ಕೊಡ್ರಿ. ಇವರ ದನಿ ಇದರಾಗಷ್ಟ ಐತಿ, ಮತ್ತೆಲ್ಲೂ ಇಲ್ಲ.”

ಕ್ಯಾಸೆಟ್ ಹಾಕಿ, ಆಕೆ ಹೇಳಿದ ಜಾಗಕ್ಕೆ ಓಡಿಸಿದೆ. ಮದುಮಕ್ಕಳ ಒಡಪು ಮುಗಿದಿತ್ತು. ಪ್ರಾಸ ಕಟ್ಟಿ, ಅದರೊಳಗೆ ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹೇಳುವುದೇ ಒಡಪು. ಹೆಸರು ಹೇಳಲು ಅದೊಂದಕ್ಕೇ ಪರವಾನಗಿ. ಈಗ ಬೀಗರು ಹುಡುಗಿಯ ತಂದೆತಾಯಿಯನ್ನೇ ಸುತ್ತುವರಿದಿದ್ದರು. ಮಲ್ಲಿನಾಥರು ಕೈಯೆತ್ತಿದರು, ಬಾಯಿ ತೆರೆದರು. ಕೇಳಿಸಿದ್ದು ಒಂದು ಸಿನಿಮಾ ಹಾಡು.

ಆಗಿನ ಚಾಳಿಯೇ ಹಾಗಿತ್ತು. ಮಂಟಪದ ಗದ್ದಲ ಯಾರಿಗೆ ಬೇಕೆಂದು, ವಿಡಿಯೋ ತೆಗೆದವರು ಮದುವೆಯ ಉದ್ದಕ್ಕೂ ಹಾಡು ಮೆತ್ತಿಬಿಡುತ್ತಿದ್ದರು. ಹಾಗೆ ಮಾಡಿದರೇ ಗಿರಾಕಿಗೂ ಖುಷಿ.

“ಮನ್ಯಾಗೂ ಹಿಂಗ ಹಾಡ ಬರತೈತ್ರಿ,” ಎಂದರು ಶಾಂತಾಬಾಯಿ. “ಸೊಲ್ಲಾಪುರದಾಗ ಮಷೀನ್ ಹಚ್ಚಿ ಹಾಡ ತಗೀತಾರ ಅಂದ್ರು.”

“ಹಾಡ ಹಾಕಿದ ಮ್ಯಾಲ ಕೆಳಗಿನ ದನಿ ಅಳಿಸಿ ಹೋಗತೈತ್ರಿ, ಅಕ್ಕಾರ. ಅದನ್ನ ತಗಿಲಿಕ್ಕೆ ಬರಂಗಿಲ್ಲ.”

ಮಲ್ಲಿನಾಥರು ಹೆಂಡತಿಯ ತೋಳು ಮುಟ್ಟಿ, ಹೋಗೋಣ ಎಂದು ಬಾಗಿಲ ಕಡೆ ಸನ್ನೆ ಮಾಡಿದರು. ನನಗೆ ಬಹಳ ಕೆಡುಕೆನಿಸಿತು.

ಕ್ಯಾಸೆಟ್ ತೆಗೆಯಲು ಡೆಕ್ಕಿನ ಮೇಲೆ ಕೈಯಿಟ್ಟಾಗ ‘ಹೈ-ಫೈ’ ಎಂಬ ಚಿಕ್ಕ ದೀಪ ಉರಿಯುತ್ತಿದ್ದುದು ಕಣ್ಣಿಗೆ ಬಿತ್ತು. ನಮ್ಮ ಕಡೆಯ ಕ್ಯಾಸೆಟ್ಟುಗಳಲ್ಲಿ ಅದು ಉರಿಯುವುದು ಅಪರೂಪ. ಟೇಪಿನ ಅಂಚಿನಲ್ಲಿ ಒಂದು ಧ್ವನಿಪಟ್ಟಿ ಇರುತ್ತದೆ. ಮನೆಯ ಸಾದಾ ವಿ.ಸಿ.ಆರ್. ಓದುವುದು ಅದನ್ನೇ. ದುಬಾರಿ ಮಷೀನುಗಳು ಚಿತ್ರದ ಜೊತೆಗೇ, ಅದರ ಅಡಿಯಲ್ಲಿ ಇನ್ನೊಮ್ಮೆ ಧ್ವನಿಯನ್ನು ಬರೆಯುತ್ತವೆ; ಅದೇ ಹೈ-ಫೈ. ಆಮೇಲೆ ಹಾಡು ಸೇರಿಸಿದರೆ ಅಳಿಯುವುದು ಅಂಚಿನದು ಮಾತ್ರ. ಅಡಿಯದನ್ನು ಮುಟ್ಟಲು ಬರುವುದಿಲ್ಲ.

ಡೆಕ್ಕಿನ ಧ್ವನಿಯ ಸ್ವಿಚ್ಚನ್ನು ಅಂಚಿನ ಪಟ್ಟಿಯಿಂದ ಅಡಿಯದಕ್ಕೆ ತಿರುಗಿಸಿದೆ. ಹಾಡು ನಿಂತಿತು. ಪಾತ್ರೆಯ ಸದ್ದು, ಒಂದು ಕೂಸಿನ ಅಳು, ಹೆಂಗಸರ ನಗು. ಅವೆಲ್ಲದರ ಮೇಲೆ ತುಂಬಿದ ಕೊಡದಂಥ ಒಂದು ದನಿ:

“ಭೀಮಿ ದಂಡಿ ಮ್ಯಾಲ ಬಿಳಿಜ್ವಾಳದ ತೆನಿ, ನಮ್ಮ ಶಾಂತಾ ಬಂದಳಂದ್ರ ತುಂಬತೈತಿ ಮನಿ. ಹೂಂ, ಈಗ ಆಕಿ ಪಾಳಿ. ಏಕ್ ವಾರ್... ದೋನ್ ವಾರ್...”

ಮಾನಿಟರಿನಲ್ಲಿ ಶಾಂತಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಹೆಂಗಸರ ನಡುವೆ ನುಸುಳಿ ಓಡಿದರು. ಮಂಟಪವೇ ನಕ್ಕಿತು. ಮೂರನೆಯ ಕೂಗು ಬರಲೇ ಇಲ್ಲ.

“ನಾಚಿಗ್ಯಾಗ ಅವತ್ತ ನನಗ ಏನೂ ಕೇಳಸಲಿಲ್ಲ,” ಎಂದರು ಆಕೆ. “ಇನ್ನೊಮ್ಮಿ ಹಚ್ರಿ.”

ಹಿಂದಕ್ಕೆ ಸುತ್ತಿ ಹಚ್ಚಿದೆ. ಆಮೇಲೆ ಮತ್ತೊಮ್ಮೆ. ಪರದೆಯ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ಸುಮ್ಮನೆ ತೇಲುತ್ತಿತ್ತು. ಮದುವೆಯ ಮನೆ ಯಾವುದು, ನನ್ನ ಅಂಗಡಿ ಯಾವುದು ಎಂಬುದು ಕಲಸಿಹೋದಂತಿತ್ತು. ‘ದೋನ್ ವಾರ್’ ಮುಗಿದೊಡನೆ ಶಾಂತಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಾನಿಟರಿನ ಮೇಲಿಟ್ಟ ಕಣ್ಣು ಕದಲಿಸದೆ ಹೇಳಿದರು:

“ಮಾತ ಇದ್ರೂ ಸಾಥ, ಮಾತ ಇರದಿದ್ರೂ ಸಾಥ, ನನ್ನ ಬಾಜೂಕ ಕುಂತಾರ ಮಲ್ಲಿನಾಥ.”

ಮಲ್ಲಿನಾಥರು ಹೆಂಡತಿಯನ್ನೇ ನೋಡುತ್ತಿದ್ದರು. ಅವರ ಬಲಗೈ ಮೆಲ್ಲಗೆ ಮೇಲೆದ್ದಿತು. ಬೆರಳ ಗೆಣ್ಣಿನಿಂದ ಮೇಜನ್ನು ಒಂದೇ ಒಂದು ಸಲ ಕುಟ್ಟಿದರು.

ಸಂಜೆಯ ಎಸ್.ಟಿ. ಬಸ್ಸು ಹೊರಡುವುದರೊಳಗೆ ಸಿ.ಡಿ. ತಯಾರಾಯಿತು. ಆಕೆಯ ಒಡಪನ್ನೂ ಮೈಕಿನಲ್ಲಿ ಹಿಡಿದು ಸೇರಿಸಲೇ ಎಂದು ಕೇಳಿದೆ. “ಬ್ಯಾಡ್ರಿ, ಮುಟ್ಟಬೇಕಾದವರಿಗೆ ಮುಟ್ಟೈತಿ,” ಎಂದರು.

ಆಮೇಲೆ ಅಂಗಡಿ ಮುಚ್ಚುವವರೆಗೂ, ಯಾರೇ ಕ್ಯಾಸೆಟ್ ತಂದರೂ, ‘ಹೋಗಿದೆ’ ಎನ್ನುವ ಮೊದಲು ಆ ಸ್ವಿಚ್ಚನ್ನು ತಿರುಗಿಸಿ ನೋಡುತ್ತಿದ್ದೆ. ಹೆಚ್ಚಿನ ಸಲ ಅಡಿಯಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ತಿರುಗಿಸುವುದನ್ನು ಮಾತ್ರ ಬಿಡಲಿಲ್ಲ.